ಆರದೇ ಉಳಿದ ಕೆಂಪು ದೀಪಗಳು

ವಿದ್ಯುತ್ ಉಪಕೇಂದ್ರದ ನಿಯಂತ್ರಣ ಕೊಠಡಿಯನ್ನು ಹೊರಗಿನವರು ಕಾಣುವುದು ಅಪರೂಪ. ಹಳೆಯ ಕೇಂದ್ರಗಳಲ್ಲಿ ಗೋಡೆಯುದ್ದಕ್ಕೂ ಫಲಕಗಳು, ಅವುಗಳ ನೆತ್ತಿಯಲ್ಲಿ ಸಾಲುಸಾಲು ಪುಟ್ಟ ಕಿಟಕಿಗಳು. ಪರಿವರ್ತಕದ ಎಣ್ಣೆ ಕಾದರೆ ಒಂದು ಕಿಟಕಿ ಬೆಳಗುತ್ತದೆ, ಬಕೋಲ್ಜ್ ರಿಲೇಯಲ್ಲಿ ಅನಿಲ ಸೇರಿದರೆ ಇನ್ನೊಂದು. ಜೊತೆಗೆ ಹೂಟರ್ ಅರಚುತ್ತದೆ. ಆಪರೇಟರ್ 'ಅಕ್ಸೆಪ್ಟ್' ಗುಂಡಿ ಒತ್ತಿದರೆ ಸದ್ದು ಅಡಗುತ್ತದೆ, ದೀಪ ಆರುವುದಿಲ್ಲ. ದೋಷ ಸರಿಯಾಗಿ 'ರೀಸೆಟ್' ಒತ್ತುವವರೆಗೂ ಅದು ಉರಿಯುತ್ತಲೇ ಇರಬೇಕು. ಸರಳವಾದರೂ ಬಹು ವಿವೇಕದ ಏರ್ಪಾಡು ಇದು.

ರಾಮನಗರ ಸೀಮೆಯಲ್ಲಿ ಹಲವು ವರ್ಷ ಪಾಳಿ ಮಾಡಿದ ನನಗೆ, ಹೊಸದಾಗಿ ಹೊತ್ತಿದ ದೀಪಕ್ಕಿಂತ ತಿಂಗಳುಗಟ್ಟಲೆ ಆರದ ದೀಪವೇ ಹೆಚ್ಚು ಭಯ ಹುಟ್ಟಿಸುತ್ತಿತ್ತು. ಮೊದಲ ದಿನ ಅದು ಕಣ್ಣಿಗೆ ಚುಚ್ಚುತ್ತದೆ. ವಾರ ಕಳೆದರೆ ಗೋಡೆಯ ಕ್ಯಾಲೆಂಡರಿನಷ್ಟೇ ಪರಿಚಿತ. ಆಮೇಲೆ ಯಾರೋ ಒಬ್ಬರು ಅದರ ಮೇಲೆ ಕಾಗದ ಅಂಟಿಸುತ್ತಾರೆ.

ಒಂದು ಕೇಂದ್ರದಲ್ಲಿ ಹಾಗೆ ಕಾಗದದಡಿ ಸೇರಿದ್ದು 'ಡಿಸಿ ಅರ್ತ್ ಫಾಲ್ಟ್' ಕಿಟಕಿ. ಬ್ರೇಕರುಗಳನ್ನು ತೆರೆಯಿಸುವ ಬ್ಯಾಟರಿ ಸರ್ಕೀಟಿನ ತಂತಿಯೊಂದು ಎಲ್ಲೋ ನೆಲಕ್ಕೆ ತಾಗಿದೆ ಎಂಬುದು ಅದರ ಅರ್ಥ. ಮೊದಲ ತಾಗುವಿಕೆಯಿಂದ ಏನೂ ಆಗುವುದಿಲ್ಲ. ಅದೇ ಅದರ ಮೋಸ. ಎರಡನೆಯ ಜಾಗದಲ್ಲೂ ತಾಗಿದರೆ ಬ್ರೇಕರ್ ಅಕಾರಣ ತೆರೆದುಕೊಳ್ಳಬಹುದು, ಅಥವಾ ತೆರೆಯಲೇಬೇಕಾದಾಗ ತೆರೆಯದೆ ನಿಲ್ಲಬಹುದು. ದುರಸ್ತಿಗೆ ಬರೆದ ಪತ್ರಗಳಿಗೆ ಉತ್ತರ ಬರಲಿಲ್ಲ. ಮಳೆಗಾಲದ ಒಂದು ರಾತ್ರಿ ಯಾರ್ಡಿನ ಪೆಟ್ಟಿಗೆಯೊಳಗೆ ನೀರಿಳಿದು ಬ್ರೇಕರ್ ತೆರೆದುಕೊಂಡಿತು. ಒಂದೇ ಒಂದು ರಿಲೇಯ ಫ್ಲ್ಯಾಗ್ ಬಿದ್ದಿರಲಿಲ್ಲ. ಲೈನಿನಲ್ಲಿ ಇಲ್ಲದ ದೋಷ ಹುಡುಕುತ್ತ ಮೂರು ತಾಸು ಕಳೆಯಿತು. ಅಷ್ಟು ಹೊತ್ತು ರೇಷ್ಮೆ ಬಿಚ್ಚುವ ಘಟಕಗಳಲ್ಲಿ ಬೇಯಿಸಿದ ಗೂಡು ಹಾಗೇ ಉಳಿದಿತ್ತು. ಅದರ ನಷ್ಟವನ್ನು ಯಾವ ಕಡತವೂ ಬರೆದುಕೊಳ್ಳಲಿಲ್ಲ. ಬ್ರೇಕರ್ ತೆರೆದುಕೊಂಡದ್ದೇ ಅದೃಷ್ಟ. ತೆರೆಯದೆ ನಿಂತಿದ್ದರೆ ಪರಿವರ್ತಕವೇ ಸುಡುತ್ತಿತ್ತು.

ಇದು ನಮ್ಮೂರಿನ ಆಲಸ್ಯದ ಕಥೆ ಮಾತ್ರವೆಂದು ಭಾವಿಸಬೇಕಿಲ್ಲ. 1994ರ ಜುಲೈ 24ರಂದು ಬ್ರಿಟನ್ನಿನ ಮಿಲ್ಫರ್ಡ್ ಹೇವನ್ ತೈಲ ಸಂಸ್ಕರಣಾಗಾರದಲ್ಲಿ ಸ್ಫೋಟ ಸಂಭವಿಸುವ ಮುನ್ನ, ಕೊನೆಯ 11 ನಿಮಿಷಗಳಲ್ಲಿ ಇಬ್ಬರು ಆಪರೇಟರುಗಳ ಮುಂದೆ 275 ಎಚ್ಚರಿಕೆಗಳು ಬಂದಿದ್ದವು. ಓದುವುದಿರಲಿ, ಅಕ್ಸೆಪ್ಟ್ ಒತ್ತುವುದಕ್ಕೇ ಕೈ ಸಾಲದು. ಮುಂದೆ 1999ರಲ್ಲಿ ಅಲ್ಲಿನ ಎಂಜಿನಿಯರಿಂಗ್ ಬಳಕೆದಾರರ ಸಂಘ ಹೊರತಂದ ಮಾರ್ಗಸೂಚಿಯು, ಹತ್ತು ನಿಮಿಷಕ್ಕೆ ಸರಾಸರಿ ಒಂದು ಎಚ್ಚರಿಕೆಯಷ್ಟೇ ಮನುಷ್ಯನಿಗೆ ತಾಳಿಕೆಯಾಗುವ ಪ್ರಮಾಣವೆಂದು ಹೇಳಿತು. ವಿಪರೀತದ ಇನ್ನೊಂದು ತುದಿಯೂ ಉಂಟು. 2003ರ ಆಗಸ್ಟ್ 14ರಂದು ಅಮೆರಿಕ, ಕೆನಡಾಗಳ ಸುಮಾರು 5 ಕೋಟಿ ಜನ ಕತ್ತಲಲ್ಲಿ ಮುಳುಗಿದ ದಿನ, ಒಹಾಯೋದ ನಿಯಂತ್ರಣ ಕೊಠಡಿಯ ಎಚ್ಚರಿಕೆ ತಂತ್ರಾಂಶವೇ ಸದ್ದಿಲ್ಲದೆ ಸತ್ತಿತ್ತು. ಪರದೆ ಶಾಂತವಾಗಿದ್ದುದನ್ನು ಕಂಡು ಜಾಲವೂ ಶಾಂತವಾಗಿದೆಯೆಂದು ಆಪರೇಟರುಗಳು ನಂಬಿದ್ದರು.

ಕಿಟಕಿಗಳ ಜಾಗಕ್ಕೆ ಈಗ ಗಣಕದ ಪರದೆ ಬಂದಿದೆ. ಕಾಗದ ಅಂಟಿಸುವ ಅಗತ್ಯವೂ ಇಲ್ಲ. ಸಂದೇಶವನ್ನು ಪಟ್ಟಿಯಿಂದ ಮರೆಮಾಡಲು ಮೌಸಿನ ಒಂದು ಒತ್ತು ಸಾಕು. ಕಾಗದವಾದರೋ ಬಂದವರ ಕಣ್ಣಿಗಾದರೂ ಬೀಳುತ್ತಿತ್ತು! ಆದುದರಿಂದ ಮರೆಮಾಡುವ ಸೌಲಭ್ಯಕ್ಕೆ ಕಾಲಮಿತಿ ಇರಲೇಬೇಕು: ಇಂತಿಷ್ಟು ಗಂಟೆಯ ಬಳಿಕ ಸಂದೇಶ ತಾನಾಗಿ ಮರಳಿ ಬರಬೇಕು, ಮರೆಮಾಡಿದವರ ಹೆಸರು, ಕಾರಣ ದಾಖಲಾಗಬೇಕು. ಆಪರೇಟರ್ ಏನೂ ಮಾಡಬೇಕಿಲ್ಲದ ಸಂದೇಶ ಎಚ್ಚರಿಕೆಯ ಪಟ್ಟಿಯಲ್ಲಿರಲು ಅರ್ಹವಲ್ಲ. ಅದು ದಿನಚರಿಗೆ ಹೋಗಲಿ.

ಇಷ್ಟಕ್ಕೆ ಹೊಸ ಯಂತ್ರ ಬೇಡ. ಪಾಳಿ ಬದಲಾಗುವಾಗ ಆರದೇ ಉಳಿದ ದೀಪಗಳ ಪಟ್ಟಿಗೆ ಇಬ್ಬರೂ ಸಹಿ ಹಾಕಲಿ. ಒಂದು ವಾರ ದಾಟಿದ ಪ್ರತಿಯೊಂದು ದೀಪವೂ ಕಾರ್ಯನಿರ್ವಾಹಕ ಎಂಜಿನಿಯರ್ ಮೇಜಿಗೆ ಹೋಗಿ, ಅಲ್ಲಿಂದ ಲಿಖಿತ ಉತ್ತರ ಬರಲಿ. ಈಗ ಅವಘಡವಾದಾಗ ವಿಚಾರಣೆ ನಡೆಯುವುದು ಅಂದು ಪಾಳಿಯಲ್ಲಿದ್ದವನ ಮೇಲೆ ಮಾತ್ರ, ಆತ ಬಹುಪಾಲು ಗುತ್ತಿಗೆಯವನು. ಪತ್ರಕ್ಕೆ ಉತ್ತರಿಸದವರ ಹೆಸರೂ ಆ ಕಡತದಲ್ಲಿರಬೇಕು.