ಬ್ಯಾರಿಕೇಡ್ ಮೇಲೆ ಕಲ್ಲು ಹೇರಿದರೆ ಗಾಳಿಗೆ ಬೀಳುವುದಿಲ್ಲವೇ? ಸತ್ಯ ಏನು?

ರಸ್ತೆಯಲ್ಲಿ ಮೋರಿ ಕೆಲಸ ನಡೆದಿದೆ. ಅಗೆದ ಗುಂಡಿಯ ಮುಂದೆ ಎರಡು ಕಬ್ಬಿಣದ ಬ್ಯಾರಿಕೇಡ್ ನಿಲ್ಲಿಸಿ ಕೆಲಸಗಾರರು ಮನೆಗೆ ಹೋಗಿದ್ದಾರೆ. ಸಂಜೆ ಗಾಳಿ ಎದ್ದು ಎರಡೂ ಅಂಗಾತ ಬೀಳುತ್ತವೆ. ರಾತ್ರಿ ಬೈಕಿನಲ್ಲಿ ಬರುವವರಿಗೆ ಬ್ಯಾರಿಕೇಡೂ ಕಾಣುವುದಿಲ್ಲ, ಗುಂಡಿಯೂ ಕಾಣುವುದಿಲ್ಲ.

ಸವಣೂರು ತಾಲ್ಲೂಕಿನ ಹತ್ತಿಮತ್ತೂರಿನಂಥ ಬಯಲು ಊರುಗಳಲ್ಲಿ ಇದು ಹೊಸದಲ್ಲ. ಸುತ್ತಲೂ ಹೊಲ, ಗಾಳಿಗೆ ತಡೆ ಕಡಿಮೆ. ಏಪ್ರಿಲ್–ಮೇ ತಿಂಗಳಲ್ಲಿ ಗುಡುಗು ಮಳೆಯ ಮುಂಚೆ ದಿಢೀರ್ ಬಿರುಗಾಳಿ. ಜೂನ್ ನಂತರ ಪಶ್ಚಿಮದಿಂದ ಮುಂಗಾರು ಗಾಳಿ. ಬ್ಯಾರಿಕೇಡ್ ಬಿದ್ದಾಗಲೆಲ್ಲ ಕೇಳಿಬರುವ ಪರಿಹಾರ ಒಂದೇ: "ಮ್ಯಾಲೆ ಎರಡು ಕಲ್ಲು ಇಡ್ರಿ, ಬೀಳಂಗಿಲ್ಲ." ಇದು ಎಷ್ಟು ಸರಿ? ನೋಡೋಣ.

ಒಂದೇ ಮಾತಿನಲ್ಲಿ ಉತ್ತರ

ಮೇಲೆ ಇಟ್ಟ ಕಲ್ಲು ಬ್ಯಾರಿಕೇಡನ್ನು ಭದ್ರ ಮಾಡುವುದಿಲ್ಲ, ಅಪಾಯವನ್ನು ಹೆಚ್ಚಿಸುತ್ತದೆ. ಗಾಳಿಗೆ ಬೀಳದಿರಲು ಬೇಕಾದದ್ದು ಮೂರು: ಅಗಲವಾದ ಕಾಲು, ಕಾಲಿನ ಮೇಲೆ ಉಸುಕಿನ ಚೀಲ, ಗಾಳಿ ತೂರಿ ಹೋಗುವ ತೆರೆದ ಪಟ್ಟಿಗಳು.

ಗಾಳಿ ಎಷ್ಟು ಜೋರಾಗಿ ತಳ್ಳುತ್ತದೆ?

ಕಣದಲ್ಲಿ ರಾಶಿ ತೂರುವುದನ್ನು ನೀವು ನೋಡಿರಬಹುದು. ಕಾಳು ಕಾಲಬುಡದಲ್ಲೇ ಬೀಳುತ್ತದೆ, ಹೊಟ್ಟು ದೂರ ಹಾರುತ್ತದೆ. ಹೊಟ್ಟಿಗೆ ತೂಕ ಕಡಿಮೆ, ಗಾಳಿಗೆ ಒಡ್ಡಿಕೊಳ್ಳುವ ಮೈ ಜಾಸ್ತಿ. ಹಗುರವಾದ ಬ್ಯಾರಿಕೇಡಿಗೆ ದೊಡ್ಡ ತಗಡು ಅಥವಾ ಫ್ಲೆಕ್ಸ್ ಕಟ್ಟಿದರೆ ಅದೂ ಹೊಟ್ಟಿನ ಜಾತಿಗೆ ಸೇರುತ್ತದೆ.

ಗಂಟೆಗೆ 36 ಕಿ.ಮೀ. ವೇಗದ ಗಾಳಿ ಒಂದು ಚದರ ಮೀಟರ್ ಚಪ್ಪಟೆ ಹಲಗೆಯನ್ನು ಸುಮಾರು 7 ಕೆ.ಜಿ. ಭಾರದಷ್ಟು ಬಲದಿಂದ ತಳ್ಳುತ್ತದೆ. ವೇಗ ಎರಡು ಪಟ್ಟಾದರೆ, ಅಂದರೆ 72 ಕಿ.ಮೀ. ಆದರೆ, ಬಲವೂ ಎರಡು ಪಟ್ಟಾಗಿ 14 ಆಗುತ್ತದೆ ಎಂದುಕೊಳ್ಳಬೇಡಿ. ಅದು ನಾಲ್ಕು ಪಟ್ಟಾಗುತ್ತದೆ, 28 ಕೆ.ಜಿ.! ಗಾಳಿಯ ಬಲ ಅದರ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಮಧ್ಯಾಹ್ನ ಗಟ್ಟಿಯಾಗಿ ನಿಂತಿದ್ದ ಬ್ಯಾರಿಕೇಡ್ ಸಂಜೆಯ ಗಾಳಿಗೆ ಉರುಳುವುದು ಇದೇ ಕಾರಣಕ್ಕೆ.

ನಾವೇ ಲೆಕ್ಕ ಹಾಕೋಣ

ಒಂದು ಸಾಮಾನ್ಯ ಬ್ಯಾರಿಕೇಡ್ ತೆಗೆದುಕೊಳ್ಳಿ. ತೂಕ 20 ಕೆ.ಜಿ., ಒಂದು ಚದರ ಮೀಟರ್ ಹಲಗೆ, ಹಲಗೆಯ ನಡುಮಧ್ಯ ನೆಲದಿಂದ 80 ಸೆಂ.ಮೀ. ಮೇಲೆ. ಮುಂಗಾಲು ಹಿಂಗಾಲುಗಳ ನಡುವೆ ಅರ್ಧ ಮೀಟರ್ ಅಂತರ.

ಗಾಳಿ ಬ್ಯಾರಿಕೇಡನ್ನು ಹಿಂಗಾಲಿನ ತುದಿಯ ಮೇಲೆ ಮಗುಚಲು ನೋಡುತ್ತದೆ. ಗಾಳಿಯ ಬಲವನ್ನು ಎತ್ತರದಿಂದ ಗುಣಿಸಿದರೆ ಬೀಳಿಸುವ ಶಕ್ತಿ ಸಿಗುತ್ತದೆ. ತೂಕವನ್ನು ಕಾಲಿನ ಅಂತರದ ಅರ್ಧದಿಂದ ಗುಣಿಸಿದರೆ ಹಿಡಿದಿಡುವ ಶಕ್ತಿ ಸಿಗುತ್ತದೆ. ಯಾವುದು ದೊಡ್ಡದೋ ಅದು ಗೆಲ್ಲುತ್ತದೆ.

• ಈಗಿರುವಂತೆ: 36 ಕಿ.ಮೀ. ಗಾಳಿಯಲ್ಲಿ ಬೀಳಿಸುವ ಶಕ್ತಿ 7 × 0.8 = 5.6. ಹಿಡಿದಿಡುವ ಶಕ್ತಿ 20 × 0.25 = 5. ಬ್ಯಾರಿಕೇಡ್ ಬೀಳುತ್ತದೆ.

• ಕಾಲಿನ ಅಂತರ ಒಂದು ಮೀಟರ್ ಮಾಡಿದರೆ: ಹಿಡಿದಿಡುವ ಶಕ್ತಿ 20 × 0.5 = 10. ತೂಕ ಒಂದು ಕೆ.ಜಿ.ಯೂ ಹೆಚ್ಚಿಲ್ಲ, ಶಕ್ತಿ ಮಾತ್ರ ಎರಡು ಪಟ್ಟು. ಮಗುಚಿ ಬೀಳಲು ಈಗ ಸುಮಾರು 48 ಕಿ.ಮೀ. ಗಾಳಿ ಬೇಕು.

• ಆ ಅಗಲ ಕಾಲುಗಳ ಮೇಲೆ 15 ಕೆ.ಜಿ.ಯ ಎರಡು ಉಸುಕಿನ ಚೀಲ ಇಟ್ಟರೆ: 50 × 0.5 = 25. ಮಗುಚಲು ಸುಮಾರು 76 ಕಿ.ಮೀ. ಗಾಳಿ ಬೇಕು.

• ಇದರ ಜೊತೆಗೆ ಹಲಗೆ ತೆಗೆದು, ನಡುವೆ ಜಾಗ ಬಿಟ್ಟು ಮೂರು ಅಡ್ಡಪಟ್ಟಿ ಹಾಕಿ ಗಾಳಿ ತಾಗುವ ಮೈಯನ್ನು ಅರ್ಧಕ್ಕೆ ಇಳಿಸಿದರೆ: ಮಗುಚಲು 100 ಕಿ.ಮೀ.ಗೂ ಮೀರಿದ ಗಾಳಿ ಬೇಕು.

ಇವು ಅಂದಾಜು ಲೆಕ್ಕಗಳು. ಆದರೂ ದಾರಿ ಯಾವುದು ಎಂಬುದು ಸ್ಪಷ್ಟ. ಹವಾಮಾನ ಇಲಾಖೆ ಗುಡುಗು ಮಳೆಯ ಮುನ್ಸೂಚನೆ ಕೊಡುವಾಗ "ಗಂಟೆಗೆ 40ರಿಂದ 50 ಕಿ.ಮೀ. ವೇಗದ ಗಾಳಿ" ಎನ್ನುವುದನ್ನು ನೀವು ಆಗಾಗ ಓದಿರುತ್ತೀರಿ. ನಮ್ಮ ಮೊದಲನೇ ಬ್ಯಾರಿಕೇಡ್ ಅಂಥ ಗಾಳಿ ಬರುವ ಮೊದಲೇ ಮಲಗಿರುತ್ತದೆ.

ಹಾಗಾದರೆ ಮೇಲೆ ಇಟ್ಟ ಕಲ್ಲಿನ ತೂಕ ಲೆಕ್ಕಕ್ಕಿಲ್ಲವೇ?

ಒಳ್ಳೆಯ ಪ್ರಶ್ನೆ. ಅಲುಗಾಡದೆ ನೇರವಾಗಿ ನಿಂತಿರುವಷ್ಟು ಹೊತ್ತು ಮೇಲಿನ ತೂಕವೂ ಕೆಳಗಿನ ತೂಕವೂ ಒಂದೇ. ಜನ ಮೋಸ ಹೋಗುವುದು ಇಲ್ಲೇ. ಕಲ್ಲು ಇಟ್ಟು ಕೈಯಿಂದ ತಳ್ಳಿ ನೋಡಿದರೆ ಗಟ್ಟಿಯಾಗಿದೆ ಅನಿಸುತ್ತದೆ.

ಆದರೆ ಗಾಳಿ ಒಂದೇ ಸಮ ತಳ್ಳುವುದಿಲ್ಲ. ಬಿಟ್ಟು ಬಿಟ್ಟು ಹೊಡೆಯುತ್ತದೆ. ಪಕ್ಕದಲ್ಲಿ ಲಾರಿ ಹಾದುಹೋದರೂ ಒಂದು ಹೊಡೆತ ಬೀಳುತ್ತದೆ. ಹೊಡೆತಕ್ಕೆ ಬ್ಯಾರಿಕೇಡ್ ಹಿಂದಕ್ಕೆ ಮುಂದಕ್ಕೆ ತೂಗುತ್ತದೆ. ತೂಗುವಾಗ ಭಾರದ ಕೇಂದ್ರ ಕಾಲಿನ ಗೆರೆ ದಾಟಿದರೆ ಮುಗಿಯಿತು, ಆಮೇಲೆ ಬೀಳಿಸಲು ಗಾಳಿಯೂ ಬೇಡ.

ಭಾರದ ಕೇಂದ್ರ 60 ಸೆಂ.ಮೀ. ಎತ್ತರದಲ್ಲಿದ್ದು ಕಾಲಿನ ಅಂತರ ಅರ್ಧ ಮೀಟರ್ ಇದ್ದರೆ ಸುಮಾರು 23 ಡಿಗ್ರಿ ವಾಲಿದಾಗ ಬ್ಯಾರಿಕೇಡ್ ಉರುಳುತ್ತದೆ. ಕೇಂದ್ರವನ್ನು 30 ಸೆಂ.ಮೀ.ಗೆ ಇಳಿಸಿದರೆ ಸುಮಾರು 40 ಡಿಗ್ರಿ ವಾಲುವ ತನಕ ಅದು ಮರಳಿ ನೇರ ನಿಲ್ಲುತ್ತದೆ. ಮೇವನ್ನು ಎತ್ತರಕ್ಕೆ ಹೇರಿದ ಚಕ್ಕಡಿ ಬದು ಹತ್ತುವಾಗ ವಾಲಿದರೆ ಎದೆ ಝಲ್ಲೆನ್ನುತ್ತದೆ. ಅಷ್ಟೇ ತೂಕದ ಕಾಳಿನ ಚೀಲಗಳನ್ನು ತಳದಲ್ಲಿ ಹೇರಿದ ಚಕ್ಕಡಿಗೆ ಆ ಭಯವಿಲ್ಲ. ಇಲ್ಲಿಯೂ ಅದೇ ಲೆಕ್ಕ.

"ಭಾರ ಇದ್ದರೆ ಸಾಕು" ಎನ್ನುವವರು ಸವಣೂರಿನ ದೊಡ್ಡ ಹುಣಸೆ ಮರಗಳನ್ನು ನೆನಪಿಸಿಕೊಳ್ಳಬಹುದು. ಆಫ್ರಿಕಾ ಮೂಲದ ಬಾವೊಬಾಬ್ ಜಾತಿಯ ಆ ಮೂರು ದೈತ್ಯ ಮರಗಳಲ್ಲಿ ಒಂದು 2023ರ ಜುಲೈ ಮಳೆಗಾಲದಲ್ಲಿ ಬುಡಸಮೇತ ಉರುಳಿತು. ಬಳಿಕ ಅದನ್ನು ಮತ್ತೆ ನೆಟ್ಟು ನಿಲ್ಲಿಸಲಾಯಿತು. ಅಷ್ಟು ಭಾರದ ಮರವೂ ನಿಲ್ಲುವುದು ಬುಡದ ಹಿಡಿತದಿಂದಲೇ.

ಕಲ್ಲಿನ ಇನ್ನೊಂದು ಅಪಾಯ

ಬ್ಯಾರಿಕೇಡ್ ಇರುವುದು ವಾಹನವನ್ನು ಗುದ್ದಿ ನಿಲ್ಲಿಸಲಿಕ್ಕಲ್ಲ, ಚಾಲಕನಿಗೆ ಎಚ್ಚರಿಕೆ ಕೊಡಲಿಕ್ಕೆ. ಯಾರಾದರೂ ತಪ್ಪಿ ಡಿಕ್ಕಿ ಹೊಡೆದರೆ ಅದು ಸರಿದುಹೋಗಬೇಕು, ಸವಾರ ಬದುಕಬೇಕು. ಮೇಲೆ ಕಲ್ಲು ಇದ್ದರೆ ಅದು ನೇರ ಸವಾರನ ಎದೆಗೋ ಕಾರಿನ ಗಾಜಿಗೋ ಬರುತ್ತದೆ. ಗಾಳಿಗೆ ಬ್ಯಾರಿಕೇಡ್ ಬಿದ್ದರೂ ಕಲ್ಲು ರಸ್ತೆ ನಡುವೆ ಉಳಿಯುತ್ತದೆ.

ಅಮೆರಿಕದ ಸಂಚಾರ ಸಾಧನಗಳ ಕೈಪಿಡಿ ಇದನ್ನು ನೇರವಾಗಿಯೇ ಹೇಳುತ್ತದೆ: ಪಟ್ಟೆ ಬಳಿದ ಅಡ್ಡಪಟ್ಟಿಯ ಮೇಲೆ ಭಾರ ಇಡಬಾರದು. ಕಲ್ಲು, ಕಾಂಕ್ರೀಟ್ ತುಂಡಿನಂಥ ಗಟ್ಟಿ ವಸ್ತುಗಳನ್ನು ಭಾರಕ್ಕೆ ಬಳಸಬಾರದು. ಉಸುಕಿನ ಚೀಲವನ್ನು ಚೌಕಟ್ಟಿನ ಕೆಳಭಾಗದಲ್ಲಿ ಇಡಬಹುದು. ನಮ್ಮಲ್ಲಿ ಕೆಲಸ ನಡೆಯುವ ರಸ್ತೆಗಳ ಸಂಚಾರ ನಿರ್ವಹಣೆಗೆ ಇಂಡಿಯನ್ ರೋಡ್ಸ್ ಕಾಂಗ್ರೆಸ್‌ನ ಎಸ್.ಪಿ. 55 ಎಂಬ ಮಾರ್ಗಸೂಚಿ ಇದೆ. ಅದರ ಪರಿಷ್ಕೃತ ಆವೃತ್ತಿ 2014ರಲ್ಲಿ ಬಂತು.

ಉಸುಕೇ ಏಕೆ? ಹೊಲದ ಮಣ್ಣು ಆಗದೇ?

ಡಿಕ್ಕಿಯಾದಾಗ ಉಸುಕಿನ ಚೀಲ ಒಡೆದು ಚೆಲ್ಲುತ್ತದೆ, ಗಟ್ಟಿ ಗುಂಡಿನಂತೆ ಹಾರುವುದಿಲ್ಲ. ಎರೆಮಣ್ಣು ಹಾಗಲ್ಲ. ಒಮ್ಮೆ ನೆನೆದು ಒಣಗಿದರೆ ಹೆಂಟೆ ಕಲ್ಲಿನಷ್ಟೇ ಗಟ್ಟಿ.

ಚೀಲವನ್ನು ಬಾಯಿತನಕ ತುಂಬಬೇಡಿ. ಅರ್ಧಕ್ಕಿಂತ ಸ್ವಲ್ಪ ಹೆಚ್ಚು ತುಂಬಿ ಕಟ್ಟಿದರೆ ಅದು ಕಾಲಿನ ಪೈಪಿನ ಮೇಲೆ ಎರಡೂ ಬದಿ ಜೋತು ಕೂರುತ್ತದೆ. ಪ್ಲಾಸ್ಟಿಕ್ ಗೊಬ್ಬರದ ಚೀಲ ಬಿಸಿಲಿಗೆ ಪುಡಿಯಾಗುತ್ತದೆ, ಆಗಾಗ ನೋಡಿ ಬದಲಿಸಿ.

ನೀರು ತುಂಬುವ ಪ್ಲಾಸ್ಟಿಕ್ ತಡೆಗಳದ್ದೂ ಇದೇ ಕಥೆ. ಒಂದು ಲೀಟರ್ ನೀರು ಎಂದರೆ ಒಂದು ಕೆ.ಜಿ. ಭಾರ. ಖಾಲಿ ಬಿಟ್ಟರೆ ಅದು ಬರೀ ದೊಡ್ಡ ಡಬ್ಬಿ, ಗಾಳಿ ತಳ್ಳಿಕೊಂಡು ಹೋಗುತ್ತದೆ.

ರಾತ್ರಿ ಬ್ಯಾರಿಕೇಡ್ "ತಾನಾಗಿಯೇ" ಚಲಿಸುವುದು ಹೇಗೆ?

ಬ್ಯಾರಿಕೇಡ್ ರಸ್ತೆಯಲ್ಲಿ ಒಂಟಿಯಾಗಿ ಸರಿಯುವುದನ್ನು ನೋಡಿದರೆ ದೆವ್ವದ ಚೇಷ್ಟೆ ಅನಿಸಬಹುದು. ಕಾರಣ ಸರಳ. ಕಾಲು ಅಗಲವಾಗಿ ಭಾರ ಕೆಳಗಿದ್ದರೆ ಬ್ಯಾರಿಕೇಡ್ ಮಗುಚುವ ಬದಲು ಜಾರಬಹುದು. ಒಣ ಡಾಂಬರಿನ ಹಿಡಿತ ತೂಕದ ಅರ್ಧದಷ್ಟು ಎಂದು ಇಟ್ಟುಕೊಳ್ಳಿ. 50 ಕೆ.ಜಿ.ಯ ಬ್ಯಾರಿಕೇಡನ್ನು ಜಾರಿಸಲು 25 ಕೆ.ಜಿ. ಬಲ ಬೇಕು. 72 ಕಿ.ಮೀ. ಗಾಳಿ ತುಂಬು ಹಲಗೆಯನ್ನು 28 ಕೆ.ಜಿ. ಬಲದಿಂದ ತಳ್ಳುತ್ತದೆ, ಹಾಗಾಗಿ ಅದು ಜಾರುತ್ತದೆ. ತೆರೆದ ಪಟ್ಟಿಗಳಿದ್ದರೆ ಬೀಳುವ ಬಲ 14 ಮಾತ್ರ, ನಿಂತಲ್ಲೇ ನಿಲ್ಲುತ್ತದೆ.

ಕಾಲಿನ ತುದಿಗೆ ಹಳೆಯ ಟಯರಿನ ರಬ್ಬರ್ ತುಂಡು ಬಿಗಿದರೆ ಹಿಡಿತ ಹೆಚ್ಚುತ್ತದೆ. ಚಕ್ರ ಇರುವ ಬ್ಯಾರಿಕೇಡಾದರೆ ನಿಲ್ಲಿಸಿದ ಮೇಲೆ ಚಕ್ರ ಲಾಕ್ ಮಾಡಲೇಬೇಕು. ಇಲ್ಲದಿದ್ದರೆ ಸಣ್ಣ ಗಾಳಿಗೂ ಅದು ಹೊರಟುಬಿಡುತ್ತದೆ.

ಜಾತ್ರೆ, ಗಣೇಶ ಹಬ್ಬದ ಬ್ಯಾರಿಕೇಡ್‌ಗಳು

ಹಬ್ಬದಲ್ಲಿ ಬ್ಯಾರಿಕೇಡಿಗೆ ಶುಭಾಶಯದ ಫ್ಲೆಕ್ಸ್ ಕಟ್ಟುವುದು ವಾಡಿಕೆ. ಪಟ್ಟಿಗಳ ನಡುವೆ ಬಿಟ್ಟ ಜಾಗವನ್ನೆಲ್ಲ ಫ್ಲೆಕ್ಸ್ ಮುಚ್ಚುತ್ತದೆ. ತೆರೆದ ಬ್ಯಾರಿಕೇಡ್ ಮತ್ತೆ ತುಂಬು ಹಲಗೆಯಾಗುತ್ತದೆ. ಹೊಳೆಯುವ ಪಟ್ಟಿಯೂ ಮರೆಯಾಗುತ್ತದೆ. ಫ್ಲೆಕ್ಸ್ ಬೇಕಿದ್ದರೆ ಬೇರೆ ಕಡೆ ಕಟ್ಟಿ.

ಒಂದನ್ನೊಂದು ಹಗ್ಗದಿಂದ ಜೋಡಿಸಿ ರಸ್ತೆಗೆ ಅಡ್ಡ ಕಟ್ಟುವುದೂ ಬೇಡ. ಕತ್ತಲಲ್ಲಿ ಹಗ್ಗ ಸವಾರನ ಕುತ್ತಿಗೆಗೆ ಬರಬಹುದು. ಕೊಕ್ಕೆಯಿಂದ ಜೋಡಿಸುವ ಬ್ಯಾರಿಕೇಡ್‌ಗಳಾದರೆ ನೇರ ಸಾಲಿಗಿಂತ ಸ್ವಲ್ಪ ಅಂಕುಡೊಂಕಾಗಿ ನಿಲ್ಲಿಸಿ. ಆಗ ಒಂದಕ್ಕೊಂದು ಆಸರೆಯಾಗುತ್ತವೆ.

ವೆಲ್ಡಿಂಗ್ ಅಂಗಡಿಗೆ ಹೋಗುವ ಮುನ್ನ

ಪಂಚಾಯ್ತಿಯವರೋ ಯುವಕ ಮಂಡಳದವರೋ ಹೊಸ ಬ್ಯಾರಿಕೇಡ್ ಮಾಡಿಸುವುದಾದರೆ ಇಷ್ಟು ಹೇಳಿ:

1. ಕಾಲಿನ ಅಂತರ ಬ್ಯಾರಿಕೇಡಿನ ಎತ್ತರಕ್ಕೆ ಹತ್ತಿರ ಹತ್ತಿರ ಇರಲಿ. ಸಾಗಿಸಲು ಸುಲಭವಾಗುವಂತೆ ಮಡಚುವ ಕಾಲು ಮಾಡಿಸಬಹುದು, ಆದರೆ ತೆರೆದ ಮೇಲೆ ಬಿಗಿಯುವ ಪಿನ್ ಇರಬೇಕು.
2. ತಗಡಿನ ಹಲಗೆ ಬೇಡ, ನಡುವೆ ಜಾಗ ಬಿಟ್ಟ ಅಡ್ಡಪಟ್ಟಿಗಳು ಸಾಕು.
3. ಚೀಲ ಕೂರಲು ಕಾಲಿನ ಪೈಪ್ ನೆಲಕ್ಕೆ ಹತ್ತಿರ ಇರಲಿ.
4. ಪೈಪಿನ ತುದಿಗಳಿಗೆ ರಬ್ಬರ್ ಮುಚ್ಚಳ ಇರಲಿ. ಚೂಪಾದ ತುದಿ ಬೇಡ, ಅವು ಹಾದಿಯಲ್ಲಿ ಚಾಚಿಕೊಂಡು ಕಾಲಿಗೆ ತಾಗುವಂತೆಯೂ ಇರಬಾರದು.
5. ಕೆಂಪು ಬಿಳಿ ಪಟ್ಟೆಯಲ್ಲಿ ಬೆಳಕು ಬಿದ್ದರೆ ಹೊಳೆಯುವ ಹಾಳೆಯೇ ಇರಲಿ. ಬರೀ ಬಣ್ಣ ರಾತ್ರಿ ಸಾಲದು.

ನಿಲ್ಲಿಸುವ ಜಾಗವೂ ಮುಖ್ಯ. ರಸ್ತೆಯಂಚಿನ ಎರೆಮಣ್ಣು ಮಳೆಗೆ ಮೆತ್ತಗಾಗಿ ಒಂದು ಬದಿಯ ಕಾಲು ಹೂತರೆ ಗಾಳಿಗೆ ಅರ್ಧ ಕೆಲಸ ಮುಗಿದಂತೆ. ಪೂರ್ವ–ಪಶ್ಚಿಮವಾಗಿ ಸಾಗುವ ರಸ್ತೆಗೆ ಅಡ್ಡ ನಿಲ್ಲಿಸಿದ ಬ್ಯಾರಿಕೇಡ್ ಮುಂಗಾರು ಗಾಳಿಗೆ ನೇರ ಎದೆಯೊಡ್ಡುತ್ತದೆ. ಅಲ್ಲಿ ಒಂದು ಚೀಲ ಹೆಚ್ಚಿಗೆ ಇಡಿ.

ಹೀಗೆ ಮಾಡಿದರೆ ಎಂದೂ ಬೀಳುವುದಿಲ್ಲವೇ?

ಹಾಗೆ ಹೇಳಲಾಗದು. ಕಟ್ಟಡಗಳ ವಿನ್ಯಾಸಕ್ಕೆ ಭಾರತೀಯ ಮಾನಕ ಐ.ಎಸ್. 875 ಬೆಂಗಳೂರಿಗೆ ಇಟ್ಟಿರುವ ಮೂಲ ಗಾಳಿವೇಗ ಸೆಕೆಂಡಿಗೆ 33 ಮೀಟರ್, ಅಂದರೆ ಗಂಟೆಗೆ ಸುಮಾರು 119 ಕಿ.ಮೀ. ಅಂಥ ಅಪರೂಪದ ಬಿರುಗಾಳಿಗೆ ಹೊತ್ತೊಯ್ಯಬಹುದಾದ ಯಾವ ಬ್ಯಾರಿಕೇಡನ್ನೂ ನಂಬಿ ಕೂರಬಾರದು. ಆದ್ದರಿಂದ ಗಾಳಿಮಳೆ ನಿಂತ ಕೂಡಲೇ ಯಾರಾದರೂ ಹೋಗಿ ನೋಡಿ ಬರಬೇಕು. ಆಳ ಗುಂಡಿಯಾದರೆ ಬ್ಯಾರಿಕೇಡ್ ಒಂದನ್ನೇ ನೆಚ್ಚದೆ, ಸಾಕಷ್ಟು ಮುಂಚಿತವಾಗಿಯೇ ಇನ್ನೊಂದು ಎಚ್ಚರಿಕೆ ಫಲಕ ಮತ್ತು ದೀಪ ಇರಬೇಕು.

ಇದು ಗುತ್ತಿಗೆದಾರರ ಮರ್ಜಿಯ ವಿಷಯವೂ ಅಲ್ಲ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ 198ಎ ಕಲಂ ಪ್ರಕಾರ, ರಸ್ತೆ ವಿನ್ಯಾಸ, ನಿರ್ಮಾಣ, ನಿರ್ವಹಣೆಯ ಸುರಕ್ಷತಾ ಮಾನದಂಡ ಪಾಲಿಸದೆ ಸಾವು ಅಥವಾ ಅಂಗವೈಕಲ್ಯ ಉಂಟಾದರೆ ಹೊಣೆಗಾರರಿಗೆ 1 ಲಕ್ಷ ರೂಪಾಯಿವರೆಗೆ ದಂಡವಿದೆ.

ನೀವು ಏನು ಮಾಡಬಹುದು?

ಬಿದ್ದ ಬ್ಯಾರಿಕೇಡ್ ಕಂಡರೆ ವಿಡಿಯೊ ಮಾಡುವ ಮೊದಲು ಬೈಕನ್ನು ರಸ್ತೆಯಿಂದ ಆಚೆ ನಿಲ್ಲಿಸಿ. ಎರಡೂ ಕಡೆ ವಾಹನ ಇಲ್ಲವೆಂದು ಖಚಿತವಾದರೆ ಮಾತ್ರ ಎತ್ತಿ ನಿಲ್ಲಿಸಿ. ಮತ್ತೆ ಬೀಳುವಂತಿದ್ದರೆ 112ಕ್ಕೆ ಕರೆ ಮಾಡಿ. ರಾಷ್ಟ್ರೀಯ ಹೆದ್ದಾರಿಯಾದರೆ 1033. ಈ ಮೊದಲು ಯಾರಾದರೂ ಕಲ್ಲು ಇಟ್ಟಿದ್ದರೆ ಅದನ್ನು ರಸ್ತೆಯಿಂದ ದೂರ ಸರಿಸಿ.

ಫಾರ್ವರ್ಡ್ ಮಾಡುವುದಾದರೆ ಇಷ್ಟು ಸಾಕು: ಕಲ್ಲು ಮೇಲೆ ಬೇಡ, ಉಸುಕು ಕೆಳಗೆ ಇರಲಿ, ಕಾಲು ಅಗಲ ಇರಲಿ, ಗಾಳಿಗೆ ದಾರಿ ಇರಲಿ.