ಮೇಲೆ ಥಳಕು, ಒಳಗೆ ತುಕ್ಕು

ಹಳೆಯ ಕಾರು ಕೊಳ್ಳಲು ಹೋದ ಕುಟುಂಬ ಏನೇನು ನೋಡುತ್ತದೆ? ಅಪ್ಪ ಬಾನೆಟ್ ಎತ್ತಿಸಿ ಎಂಜಿನ್ನಿನ ಸದ್ದು ಆಲಿಸುತ್ತಾರೆ. ಅಮ್ಮ ಸೀಟಿನ ಬಟ್ಟೆ ಮುಟ್ಟಿ ನೋಡುತ್ತಾರೆ. ಕಾಲೇಜಿಗೆ ಹೋಗುವ ಮಗನಿಗೆ ಸ್ಟೀರಿಯೋ ಚೆನ್ನಾಗಿದ್ದರೆ ಸಾಕು. ಬಣ್ಣ ಫಳಫಳ ಹೊಳೆಯುತ್ತಿದ್ದರಂತೂ ವ್ಯಾಪಾರ ಅರ್ಧ ಕುದುರಿದಂತೆಯೇ.

ಜೊತೆಗೆ ಅನುಭವಸ್ಥ ಟಿಂಕರಿಂಗ್ ಕೆಲಸಗಾರನೊಬ್ಬನನ್ನು ಕರೆದೊಯ್ದು ನೋಡಿ. ಅವನು ಮೊದಲು ನೆಲದ ಮ್ಯಾಟು ಎತ್ತುತ್ತಾನೆ. ಬಾಗಿಲಿನ ಕೆಳ ಅಂಚಿಗೆ ಬೆರಳಾಡಿಸುತ್ತಾನೆ. ಡಿಕ್ಕಿಯಿಂದ ಸ್ಟೆಪ್ನಿ ತೆಗೆಸಿ ಅದರಡಿ ಇಣುಕುತ್ತಾನೆ. ಕೊನೆಗೆ ಬಗ್ಗಿ ಕಾರಿನ ತಳವನ್ನೇ ನೋಡುತ್ತಾನೆ. ಅವನು ಹುಡುಕುತ್ತಿರುವುದು ತುಕ್ಕನ್ನು.

‘ಈಗಿನ ಕಾರಿಗೂ ತುಕ್ಕು ಹಿಡಿಯುತ್ತದೆಯೇ?’ ಎಂದು ನೀವು ಕೇಳಬಹುದು. ಹಿಡಿಯುತ್ತದೆ. ಹಿಂದಿನಷ್ಟು ಬೇಗ ಅಲ್ಲ, ಹಿಂದಿನಂತೆ ಕಣ್ಣಿಗೆ ಕಾಣುವಂತೆಯೂ ಅಲ್ಲ. ಹಳೆಯ ಕಾರಿಗೆ ತುಕ್ಕು ಬಹುಮಟ್ಟಿಗೆ ಹೊರಗಿನಿಂದ ಒಳಕ್ಕೆ ಹೋಗುತ್ತಿತ್ತು. ಇಂದಿನ ಕಾರಿಗೆ ಅದು ಹೆಚ್ಚಾಗಿ ಒಳಗಿನಿಂದ ಹೊರಕ್ಕೆ ಬರುತ್ತದೆ. ಅಪಾಯ ಇರುವುದು ಇಲ್ಲಿಯೇ.

ಒಂದು ಹನಿಯ ಪಾಠ

ಮೂರು ಪ್ರನಾಳಗಳಲ್ಲಿ ಕಬ್ಬಿಣದ ಮೊಳೆ ಇಡುವ ಪ್ರಯೋಗವನ್ನು ಹೈಸ್ಕೂಲು ವಿದ್ಯಾರ್ಥಿಗಳೆಲ್ಲ ಬಲ್ಲರು. ನೀರು, ಗಾಳಿ ಎರಡೂ ಇರುವ ಪ್ರನಾಳದಲ್ಲಿ ಮೊಳೆ ತುಕ್ಕು ಹಿಡಿಯುತ್ತದೆ. ಕುದಿಸಿ ಆರಿಸಿದ ನೀರಿನ ಮೇಲೆ ಎಣ್ಣೆ ಹಾಕಿ ಗಾಳಿ ತಡೆದರೆ ಹಿಡಿಯುವುದಿಲ್ಲ. ಒಣ ಗಾಳಿಯಲ್ಲಿಯೂ ಹಿಡಿಯುವುದಿಲ್ಲ. ನೀರು ಮತ್ತು ಆಮ್ಲಜನಕ ಕೂಡಿದರೆ ಮಾತ್ರ ತುಕ್ಕು.

ಇದರ ಮುಂದಿನ ಪಾಠವನ್ನು ಕಲಿಸಿದವರು ಕೇಂಬ್ರಿಜ್‌ನ ವಿಜ್ಞಾನಿ ಯುಲಿಕ್ ಇವಾನ್ಸ್. 1920ರ ದಶಕದಲ್ಲಿ ಅವರು ಉಜ್ಜಿ ಶುಭ್ರಗೊಳಿಸಿದ ಕಬ್ಬಿಣದ ತಗಡಿನ ಮೇಲೆ ಉಪ್ಪುನೀರಿನ ಹನಿ ಇಟ್ಟು ಪರೀಕ್ಷಿಸಿದರು. ಹನಿಯ ಅಂಚಿಗೆ ಗಾಳಿಯ ಆಮ್ಲಜನಕ ಧಾರಾಳವಾಗಿ ಸಿಗುತ್ತದೆ, ನಡುವಿಗೆ ಕಡಿಮೆ. ಹಾಗಾದರೆ ಕಬ್ಬಿಣ ಸವೆಯಬೇಕಾದದ್ದು ಅಂಚಿನಲ್ಲಲ್ಲವೇ? ಆದದ್ದು ಬೇರೆ. ಸವೆದದ್ದು ನಡುಭಾಗ! ನಡುವಿನ ಕಬ್ಬಿಣ ಎಲೆಕ್ಟ್ರಾನುಗಳನ್ನು ಬಿಟ್ಟುಕೊಟ್ಟು ನೀರಿನಲ್ಲಿ ಕರಗುತ್ತದೆ. ಆ ಎಲೆಕ್ಟ್ರಾನುಗಳು ತಗಡಿನ ಮೂಲಕ ಅಂಚಿಗೆ ಹರಿದು ಅಲ್ಲಿ ಆಮ್ಲಜನಕವನ್ನು ಸೇರುತ್ತವೆ. ಎರಡರ ನಡುವೆ ತುಕ್ಕಿನ ಉಂಗುರ ಮೂಡುತ್ತದೆ. ಅಂದರೆ ಆ ಹನಿಯೇ ಒಂದು ಪುಟ್ಟ ಬ್ಯಾಟರಿ. ನೀರಿನಲ್ಲಿ ಉಪ್ಪು ಇದ್ದರೆ ವಿದ್ಯುತ್ತು ಸಲೀಸಾಗಿ ಹರಿಯುವುದರಿಂದ ಈ ಬ್ಯಾಟರಿಯ ಕೆಲಸ ಇನ್ನೂ ಚುರುಕು.

ಈ ಹನಿಯನ್ನು ಕಾರಿಗೆ ಹೊಂದಿಸಿ ನೋಡಿ. ಚಕ್ರದ ಮೇಲಿನ ಕಮಾನಿನಲ್ಲಿ ಮೆತ್ತಿಕೊಂಡ ಒದ್ದೆ ಕೆಸರು, ಎರಡು ತಗಡು ಕೂಡುವ ಸಂದು, ನೆನೆದ ಮ್ಯಾಟಿನ ತಳ ಇವೆಲ್ಲ ಹನಿಯ ನಡುಭಾಗದಂತೆ. ನೀರು ಉಂಟು, ಗಾಳಿಯ ಸಂಚಾರ ಕಡಿಮೆ. ತುಕ್ಕು ಕಣ್ಮರೆಯ ಮೂಲೆಗಳನ್ನೇ ಹುಡುಕಿಕೊಂಡು ಹೋಗುವುದು ಇದಕ್ಕಾಗಿ.

ಕಾರ್ಖಾನೆಯ ಕವಚ

ಕಾರು ತಯಾರಕರು ಕೈಕಟ್ಟಿ ಕುಳಿತಿಲ್ಲ. ಕಬ್ಬಿಣಕ್ಕೆ ಸತುವಿನ ಲೇಪ ಕೊಡುವ ವಿಧಾನಕ್ಕೆ ಫ್ರಾನ್ಸಿನಲ್ಲಿ 1837ರಲ್ಲೇ ಪೇಟೆಂಟ್ ದೊರೆತಿತ್ತು. ಲೇಪ ಗೀರಿ ಹೋದರೂ ಸತು ತಾನು ಮೊದಲು ಸವೆದು ಕಬ್ಬಿಣವನ್ನು ಕಾಯುತ್ತದೆ. 1970ರ ದಶಕದ ನಡುಭಾಗದಲ್ಲಿ ಪೋರ್ಷೆ, 1980ರ ದಶಕದಲ್ಲಿ ಆಡಿ ತಮ್ಮ ಕಾರುಗಳ ಇಡೀ ಒಡಲಿಗೆ ಸತು ಲೇಪಿತ ಉಕ್ಕನ್ನು ಬಳಸತೊಡಗಿದವು. ಮುಂದೆ ಅನೇಕ ಕಂಪನಿಗಳು ಪೂರ್ಣವಾಗಿಯೋ ಭಾಗಶಃವಾಗಿಯೋ ಇದೇ ದಾರಿ ಹಿಡಿದವು.

ಎರಡನೆಯ ಕವಚ ಬಣ್ಣದ ಸ್ನಾನ. ಬೆಸುಗೆ ಮುಗಿದ ಇಡೀ ಒಡಲನ್ನು ತೊಳೆದು, ಫಾಸ್ಫೇಟ್ ಲೇಪ ಕೊಟ್ಟು, ಬಣ್ಣದ ದೊಡ್ಡ ತೊಟ್ಟಿಯಲ್ಲಿ ಮುಳುಗಿಸಿ ವಿದ್ಯುತ್ ಹರಿಸುತ್ತಾರೆ. ವಿದ್ಯುತ್ತಿನ ಸೆಳೆತಕ್ಕೆ ಬಣ್ಣದ ಕಣಗಳು ತಗಡಿಗೆ ಅಂಟುತ್ತವೆ. ಬಳಿಕ ಕುಲುಮೆಯಲ್ಲಿ ಬೇಯಿಸುತ್ತಾರೆ. ಈ ಪದರದ ದಪ್ಪ ಸುಮಾರು 20 ಮೈಕ್ರಾನ್, ಅಂದರೆ ಮಿಲಿಮೀಟರಿನ ಐವತ್ತನೆಯ ಒಂದು ಭಾಗ. ನಾವು ಮೆಚ್ಚುವ ಹೊಳಪಿನ ಬಣ್ಣ ಇದರ ಮೇಲೆ ಬರುತ್ತದೆ.

ಹಾಗಾದರೆ ತುಕ್ಕು ನುಸುಳುವುದು ಎಲ್ಲಿ? ರಸ್ತೆಯ ಜಲ್ಲಿ ಸಿಡಿದು ತಳದ ಲೇಪ ಕಿತ್ತಲ್ಲಿ. ಪೆಟ್ಟಿಗೆಯಂಥ ಟೊಳ್ಳು ಭಾಗಗಳ ಒಳಗೆ ಲೇಪ ತೆಳುವಾಗಿ ಕುಳಿತಲ್ಲಿ. ಬಾಗಿಲಿನ ಕೆಳಗೆ ನೀರು ಸೋರಿಹೋಗಲೆಂದು ಬಿಟ್ಟ ತೂತು ಮಣ್ಣಿನಿಂದ ಮುಚ್ಚಿಹೋದಲ್ಲಿ. ಎಲ್ಲಕ್ಕಿಂತ ಹೆಚ್ಚಾಗಿ, ಅಪಘಾತದ ಬಳಿಕ ಕತ್ತರಿಸಿ ಬೆಸೆದಲ್ಲಿ. ವೆಲ್ಡಿಂಗ್ ಶಾಖಕ್ಕೆ ಕಾರ್ಖಾನೆಯ ಕವಚ ಸುಟ್ಟುಹೋಗುತ್ತದೆ. ಹೊರಗೆ ಪುಟ್ಟಿ ಹಚ್ಚಿ ಬಣ್ಣ ಹೊಡೆಯುತ್ತಾರೆ. ಒಳಮೈ ಬರಿಯ ಕಬ್ಬಿಣವಾಗಿಯೇ ಉಳಿದರೆ ಕೇಳುವವರಾರು?

ದಪ್ಪ ಚಾಸಿಯ ಮೇಲೆ ಒಡಲು ಕೂರಿಸುತ್ತಿದ್ದ ಕಾಲದಲ್ಲಿ ತಗಡಿಗೆ ತೂತು ಬಿದ್ದರೂ ಗಾಡಿಯ ಬೆನ್ನೆಲುಬು ಗಟ್ಟಿಯಾಗಿರುತ್ತಿತ್ತು. ಇಂದಿನ ಬಹುಪಾಲು ಕಾರುಗಳಿಗೆ ಪ್ರತ್ಯೇಕ ಚಾಸಿ ಇಲ್ಲ. ಒಡಲೇ ಬೆನ್ನೆಲುಬು. ಬಾಗಿಲಿನ ಕೆಳಗಿನ ಹೊಸ್ತಿಲಿನಂಥ ಟೊಳ್ಳು ಪೆಟ್ಟಿಗೆಯೇ ಡಿಕ್ಕಿಯ ಹೊಡೆತವನ್ನು ತಾಳಬೇಕು. ಅದನ್ನು ತುಕ್ಕು ತಿಂದಿದ್ದರೆ ಒಳಗೆ ಕುಳಿತವರ ರಕ್ಷಣೆಯೂ ಅಷ್ಟಕ್ಕಷ್ಟೆ. ಬ್ರೇಕ್ ಎಣ್ಣೆ ಹರಿಯುವ ಉಕ್ಕಿನ ಕೊಳವೆಗಳೂ ತಳದಲ್ಲೇ ಹಾದುಹೋಗುತ್ತವೆ ಎಂಬುದನ್ನು ಮರೆಯಬಾರದು.

ಕೋಟಿಗಟ್ಟಲೆಯ ಪಾಠ

ದೊಡ್ಡ ಕಂಪನಿಗಳೂ ಈ ವಿಷಯದಲ್ಲಿ ಪೆಟ್ಟು ತಿಂದಿವೆ. ಅಮೆರಿಕದ ಉತ್ತರ ಭಾಗದಲ್ಲಿ ಚಳಿಗಾಲದಲ್ಲಿ ಹಿಮ ಕರಗಿಸಲು ರಸ್ತೆಗೆ ಉಪ್ಪು ಸುರಿಯುತ್ತಾರೆ. ಅಲ್ಲಿ ಟೊಯೊಟಾದ ಟಕೋಮಾ ಪಿಕಪ್ ವಾಹನಗಳ ಚಾಸಿಗೆ ತುಕ್ಕು ಹಿಡಿದು ತೂತು ಬೀಳುತ್ತಿದೆ ಎಂಬ ದೂರು ಬಂದಾಗ, 2008ರಲ್ಲಿ ಕಂಪನಿ 1995ರಿಂದ 2000ದವರೆಗಿನ ಮಾದರಿಗಳಿಗೆ ತುಕ್ಕಿನ ಭರವಸೆಯನ್ನು 15 ವರ್ಷಕ್ಕೆ ಏರಿಸಿತು. ತೀರಾ ಕೆಟ್ಟ ವಾಹನಗಳನ್ನು ಮರಳಿ ಕೊಂಡಿತು. ಅನಂತರದ ಮಾದರಿಗಳ ಮೊಕದ್ದಮೆಯಲ್ಲಿ, ತಪ್ಪನ್ನು ಒಪ್ಪಿಕೊಳ್ಳದಿದ್ದರೂ, ಸುಮಾರು 15 ಲಕ್ಷ ವಾಹನಗಳಿಗೆ ಸಂಬಂಧಿಸಿದಂತೆ 340 ಕೋಟಿ ಡಾಲರ್‌ವರೆಗೆ ವೆಚ್ಚವಾಗಬಹುದಾದ ರಾಜಿಗೆ 2016ರಲ್ಲಿ ಒಪ್ಪಿತು.

ನಮ್ಮ ರಸ್ತೆಗೆ ಯಾರೂ ಉಪ್ಪು ಸುರಿಯುವುದಿಲ್ಲ, ನಿಜ. ಆದರೆ ಕಾರವಾರದಿಂದ ಮಂಗಳೂರಿನವರೆಗೆ ಕಡಲ ಗಾಳಿಯೇ ಉಪ್ಪು ಹೊತ್ತು ತರುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ ಬೇರೆ. ಘಟ್ಟದ ಮೇಲಿನವರು ರಜೆಯಲ್ಲಿ ಕಡಲ ತೀರಕ್ಕೆ ಹೋಗಿ ಮರಳಿನ ಮೇಲೆಯೇ ಕಾರು ಓಡಿಸಿ ಬಂದರೆ, ಉಪ್ಪನ್ನು ತಳದಲ್ಲಿ ಅಂಟಿಸಿಕೊಂಡು ಮನೆಗೆ ತಂದಂತೆಯೇ.

‘ದೆಹಲಿಯ ಕಬ್ಬಿಣದ ಕಂಬ 1600 ವರ್ಷಗಳಿಂದ ನಿಂತಿದೆಯಲ್ಲ, ಕಾರನ್ನೂ ಹಾಗೆ ಮಾಡಬಾರದೇ?’ ಎಂದು ಮಕ್ಕಳು ಕೇಳಿಯಾರು. ಆ ಕಬ್ಬಿಣದಲ್ಲಿ ರಂಜಕದ ಅಂಶ ಹೆಚ್ಚು. ಅದರ ನೆರವಿನಿಂದ ಮೇಲ್ಮೈಯಲ್ಲಿ ತೆಳುವಾದ ರಕ್ಷಣಾ ಪದರ ಕಟ್ಟಿಕೊಂಡಿದೆ. ಆದರೆ ಅಷ್ಟು ರಂಜಕ ಸೇರಿದ ಉಕ್ಕು ಪೆಡಸು. ಕಾರಿನ ತಗಡು ಅಚ್ಚಿನಲ್ಲಿ ಬಾಗಬೇಕು, ಡಿಕ್ಕಿಯಾದಾಗ ಮುರಿಯದೆ ಮಡಿಸಿಕೊಳ್ಳಬೇಕು. ಅಲ್ಲದೆ ಕಂಬ ಗಜಗಾತ್ರದ್ದು. ಕಾರಿನ ಹೊರತಗಡಿನ ದಪ್ಪವೋ ಸುಮಾರು ಮುಕ್ಕಾಲು ಮಿಲಿಮೀಟರ್!

ನಾವೇನು ಮಾಡಬಹುದು?

ದುಬಾರಿ ಉಪಾಯಗಳಿಗಿಂತ ಮೊದಲು ಮಾಡಬೇಕಾದದ್ದು ನೀರು ನಿಲ್ಲದಂತೆ ನೋಡಿಕೊಳ್ಳುವುದು. ಮಳೆಗಾಲದಲ್ಲಿ ಮ್ಯಾಟುಗಳನ್ನು ತೆಗೆದು ಒಣಗಿಸಿ. ಬಾಗಿಲಿನ ಕೆಳಗಿನ ತೂತುಗಳಿಗೆ ತೆಂಗಿನ ಗರಿಯ ಕಡ್ಡಿ ಆಡಿಸಿ. ಮುಂಗಾಜಿನ ಬುಡದಲ್ಲಿ ಸೇರುವ ಎಲೆಗಳನ್ನು ತೆಗೆಯಿರಿ. ಒದ್ದೆ ಕಾರಿಗೆ ಗಾಳಿಯಾಡದ ಹೊದಿಕೆ ಹಾಕಬೇಡಿ. ಬಣ್ಣ ಕಿತ್ತ ಜಾಗಕ್ಕೆ ಕೂಡಲೇ ಬಣ್ಣ ಹಚ್ಚಿಸಿ. ಬಣ್ಣ ಗುಳ್ಳೆ ಎದ್ದಿದ್ದರೆ ತುಕ್ಕು ಆಗಲೇ ಒಳಗೆ ಕುಳಿತಿದೆ ಎಂದರ್ಥ. ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಡುವುದರಿಂದ ಬಣ್ಣವನ್ನು ಮೇಲಕ್ಕೆ ದಬ್ಬುತ್ತದೆ.

ಹಳೆಯ ಕಾರು ಕೊಳ್ಳುವವರು ತೆಳು ಬಟ್ಟೆ ಸುತ್ತಿದ ಅಯಸ್ಕಾಂತವೊಂದನ್ನು ಜೇಬಿನಲ್ಲಿಟ್ಟುಕೊಂಡು ಹೋಗಲಿ. ಉಕ್ಕಿನ ತಗಡಿಗೆ ಅದು ಬಿಗಿಯಾಗಿ ಅಂಟುತ್ತದೆ, ದಪ್ಪ ಪುಟ್ಟಿಯ ಮೇಲೆ ಜಾರುತ್ತದೆ. ಸೀಟಿನಡಿಯ ಕಂಬಿಗಳಿಗೆ ತುಕ್ಕು, ಮೂಲೆಗಳಲ್ಲಿ ಹೂಳು ಕಂಡರೆ ಆ ಕಾರು ನೆರೆಯ ನೀರಿನಲ್ಲಿ ನಿಂತಿದ್ದಿರಬಹುದು. ತಳವನ್ನು ಗ್ಯಾರೇಜಿನಲ್ಲಿ ಎತ್ತಿಸಿಯೇ ನೋಡಿ. ಬರಿಯ ಜಾಕ್ ನಂಬಿ ಕಾರಿನಡಿ ನುಗ್ಗುವ ಸಾಹಸ ಖಂಡಿತ ಬೇಡ.

ಭಾನುವಾರ ಕಾರು ತೊಳೆಯುವ ಕೆಲಸ ಅನೇಕ ಮನೆಗಳಲ್ಲಿ ಮಕ್ಕಳದ್ದೇ. ಅವರಿಗೊಂದು ಮಾತು: ಮೇಲಿನ ಹೊಳಪಿಗೆ ಒಂದು ಬಕೆಟ್ ನೀರು ಸಾಕು. ಚಕ್ರದ ಕಮಾನು ಮತ್ತು ತಳದ ಕೆಸರಿಗೆ ಎರಡು ಬಕೆಟ್ ಇರಲಿ.