ಆಟ ಕಲಿಸುವವನ ದಾರಿ

ಚನ್ನಗಿರಿ ಸೀಮೆಯ ತ್ಯಾವಣಿಗೆಯಂಥ ಊರಿನಲ್ಲಿ ಸಂಜೆಯ ಹೊತ್ತು ಹುಡುಗರು ಚೆಂಡುದಾಂಡುಗಳನ್ನು ಹಿಡಿದು ಬಯಲಿಗೆ ಹೊರಟರೆ, ಮನೆಯ ಹಿರಿಯರು ಕೇಳುವ ಪ್ರಶ್ನೆ ಒಂದೇ: "ಆಟದಿಂದ ಹೊಟ್ಟೆ ತುಂಬೀತೇ?" ಈ ಪ್ರಶ್ನೆಯು ಅನುಚಿತವಾದುದಲ್ಲ. ಆಟಗಾರನ ಕಾಲವು ಅಲ್ಪವಾದುದು. ನಲವತ್ತು ತುಂಬುವುದರೊಳಗೆ ಮೈ ಸೋಲುತ್ತದೆ. ಆಮೇಲಿನ ಬಾಳಿಗೆ ಇರುವ ದಾರಿಗಳಲ್ಲಿ ಆಟ ಕಲಿಸುವ ವೃತ್ತಿಯೂ ಒಂದು. ಅದು ಎಂಥ ದಾರಿಯೆಂಬುದನ್ನು ವಾಚಕರ ಮುಂದಿಡಬೇಕೆಂಬುದೇ ನಮ್ಮ ಅಪೇಕ್ಷೆ.

ಅಮೆರಿಕಾ ದೇಶದ ಕಾಲೇಜುಗಳಲ್ಲಿ ಫುಟ್‌ಬಾಲೆಂಬ ಹೆಸರಿನ ಆಟವೊಂದುಂಟು. ಹೆಸರಿನಲ್ಲಿ ಕಾಲಿದ್ದರೂ ಅದರಲ್ಲಿ ಕೈಗೇ ಹೆಚ್ಚು ಕೆಲಸ. ಅಲ್ಲಿ ಶಿಕ್ಷಕನಾಗಬಯಸುವವನು ಒಂದೊಂದೇ ಮೆಟ್ಟಿಲನ್ನು ಹತ್ತಬೇಕು. ಮೊದಲು ಓದುತ್ತಲೇ ಕಿರಿಯ ಸಹಾಯಕನಾಗುವುದು. ಬಳಿಕ ಒಂದು ಸ್ಥಾನದ ಆಟಗಾರರಿಗೆ ಮಾತ್ರ ಕಲಿಸುವುದು. ಅನಂತರ ದಾಳಿಯ ಅಥವಾ ರಕ್ಷಣೆಯ ಹೊಣೆಯನ್ನು ಹೊರುವುದು. ಕಟ್ಟಕಡೆಗೆ ಮುಖ್ಯ ಶಿಕ್ಷಕನ ಪದವಿ. ಏಳು ರಾಷ್ಟ್ರೀಯ ಪ್ರಶಸ್ತಿಗಳನ್ನು ಗಳಿಸಿ 2024ರಲ್ಲಿ ನಿವೃತ್ತರಾದ ನಿಕ್ ಸೇಬನ್ ಎಂಬವರು 1973ರಲ್ಲಿ ಕೆಂಟ್ ಸ್ಟೇಟ್ ವಿಶ್ವವಿದ್ಯಾನಿಲಯದಲ್ಲಿ ಕಿರಿಯ ಸಹಾಯಕರಾಗಿಯೇ ಆರಂಭಿಸಿದವರು. ಕಾಲೇಜೊಂದರ ಮುಖ್ಯ ಶಿಕ್ಷಕರಾಗಲು ಅವರಿಗೆ 1990ರವರೆಗೆ ಕಾಯಬೇಕಾಯಿತು.

ನಮ್ಮ ದೇಶದಲ್ಲಿ ಹೆಸರಾಂತ ಆಟಗಾರನಾದವನು ಇಷ್ಟು ಮೆಟ್ಟಿಲುಗಳನ್ನು ಹತ್ತಲೇಬೇಕೆಂಬ ಕಟ್ಟಳೆಯಿಲ್ಲ. ಆದರೂ ಬೆಂಗಳೂರಿನ ರಾಹುಲ್ ದ್ರಾವಿಡರು ಕೆಳಗಿನ ಮೆಟ್ಟಿಲಿನಿಂದಲೇ ಹೊರಟರು. ಬಾಲ್ಯದಲ್ಲಿ ಕೇಕಿ ತಾರಾಪುರರೆಂಬ ಶಿಕ್ಷಕರ ಬಳಿ ಕ್ರಿಕೆಟ್ಟಿನ ಅಭ್ಯಾಸ ಮಾಡಿದ ಅವರು, 164 ಟೆಸ್ಟ್ ಪಂದ್ಯಗಳಲ್ಲಿ 13,288 ಓಟಗಳನ್ನು ಗಳಿಸಿ 2012ರಲ್ಲಿ ನಿವೃತ್ತರಾದರು. 2015ರಲ್ಲಿ ಅವರು ಕೈಗೊಂಡುದು ಹತ್ತೊಂಬತ್ತು ವರ್ಷದೊಳಗಿನ ಹುಡುಗರಿಗೂ, ರಾಷ್ಟ್ರೀಯ ತಂಡದ ಹೊಸ್ತಿಲಲ್ಲಿ ನಿಂತಿದ್ದ ‘ಎ’ ತಂಡದವರಿಗೂ ಕಲಿಸುವ ಕೆಲಸವನ್ನು. 2016ರ ಕಿರಿಯರ ವಿಶ್ವಕಪ್ಪಿನ ಅಂತಿಮ ಪಂದ್ಯದಲ್ಲಿ ಸೋಲು. 2018ರಲ್ಲಿ ನ್ಯೂಜಿಲೆಂಡಿನಲ್ಲಿ ಜಯ.

ಆ ಜಯದ ತರುವಾಯ ನಡೆದ ಸಂಗತಿಯು ಮನೆಮನೆಯಲ್ಲಿಯೂ ಹೇಳತಕ್ಕುದು. ಕ್ರಿಕೆಟ್ ಮಂಡಲಿಯು ದ್ರಾವಿಡರಿಗೆ 50 ಲಕ್ಷ ರೂಪಾಯಿಗಳನ್ನೂ, ಅವರ ಸಹಾಯಕರಿಗೆ ತಲಾ 20 ಲಕ್ಷವನ್ನೂ ಬಹುಮಾನವಾಗಿ ಸಾರಿತು. ದುಡಿಮೆಯು ಎಲ್ಲರದೂ ಆಗಿರುವಾಗ ಈ ಭೇದವೇಕೆಂದು ದ್ರಾವಿಡರು ಆಕ್ಷೇಪಿಸಿದರು. ಕೊನೆಗೆ ಅವರಿಗೂ ಸಹಾಯಕರಿಗೂ ಸಮನಾಗಿ 25 ಲಕ್ಷ ನಿಗದಿಯಾಯಿತು. ತನ್ನ ಪಾಲಿನಲ್ಲಿ ಅರ್ಧವನ್ನು ಬಿಟ್ಟುಕೊಟ್ಟವನ ಮಾತನ್ನು ಶಿಷ್ಯರು ಕೇಳುವುದರಲ್ಲಿ ಆಶ್ಚರ್ಯವೇನು?

2019ರಲ್ಲಿ ಬೆಂಗಳೂರಿನ ರಾಷ್ಟ್ರೀಯ ಕ್ರಿಕೆಟ್ ಅಕಾಡೆಮಿಯ ಮುಖ್ಯಸ್ಥರಾದ ಅವರು, 2021ರ ನವೆಂಬರಿನಲ್ಲಿ ಭಾರತ ತಂಡದ ಮುಖ್ಯ ಶಿಕ್ಷಕರಾದರು. ಈ ವೃತ್ತಿಯ ಕಷ್ಟವು ಆಗ ತಿಳಿಯಬಂತು. ಶಿಕ್ಷಕನು ಸ್ವತಃ ದಾಂಡನ್ನು ಹಿಡಿಯುವಂತಿಲ್ಲ. ಗೆದ್ದರೆ ಕೀರ್ತಿ ಆಟಗಾರನಿಗೆ, ಸೋತರೆ ದೂರು ಶಿಕ್ಷಕನ ಮೇಲೆ. 2022ರ ಇಪ್ಪತ್ತು ಓವರುಗಳ ವಿಶ್ವಕಪ್ಪಿನ ಉಪಾಂತ್ಯದಲ್ಲಿ ಇಂಗ್ಲೆಂಡಿಗೆ ಹತ್ತು ವಿಕೆಟ್ಟುಗಳ ಸೋಲು. 2023ರ ನವೆಂಬರ್ 19ರಂದು ಅಹಮದಾಬಾದಿನಲ್ಲಿ, ಒಂದು ಪಂದ್ಯವನ್ನೂ ಸೋಲದೆ ಬಂದಿದ್ದ ತಂಡಕ್ಕೆ ಅಂತಿಮ ಪಂದ್ಯದಲ್ಲಿ ಸೋಲು. ಅವಧಿಯು ಅಲ್ಲಿಗೇ ಮುಗಿದಿತ್ತು. ಆದರೂ ಅವರು ಮುಂದುವರಿಯಲು ಒಪ್ಪಿದರು. 2024ರ ಜೂನ್ 29ರಂದು ಬಾರ್ಬಡೋಸಿನಲ್ಲಿ ಭಾರತವು ದಕ್ಷಿಣ ಆಫ್ರಿಕಾವನ್ನು ಏಳು ಓಟಗಳಿಂದ ಗೆದ್ದಿತು. ನಾಯಕರಾಗಿ 2007ರಲ್ಲಿ ವಿಶ್ವಕಪ್ಪಿನ ಮೊದಲ ಸುತ್ತಿನಲ್ಲಿಯೇ ಸೋತು ಅವರು ಹಿಂದಿರುಗಿದ್ದುದು ಅದೇ ವೆಸ್ಟ್ ಇಂಡೀಸ್ ದ್ವೀಪಗಳಿಂದ!

ಇದೆಲ್ಲ ರಾಜಧಾನಿಯವರ ಭಾಗ್ಯವೆಂದು ತ್ಯಾವಣಿಗೆಯ ಹಿರಿಯರು ಹೇಳಬಹುದು. ಅವರಿಗೆ ನೆರೆಯ ದಾವಣಗೆರೆಯ ವಿನಯ್ ಕುಮಾರರನ್ನು ನೆನಪಿಸುತ್ತೇವೆ. ಅವರ ನಾಯಕತ್ವದಲ್ಲಿ ಕರ್ನಾಟಕವು 2013-14 ಮತ್ತು 2014-15ರಲ್ಲಿ ರಣಜಿ ಕಪ್ಪನ್ನು ಎರಡು ಸಲ ಎತ್ತಿತು. 2021ರಲ್ಲಿ ನಿವೃತ್ತರಾದ ಮೇಲೆ ಅವರು ಮುಂಬಯಿ ಇಂಡಿಯನ್ಸ್ ಸಂಸ್ಥೆಗಾಗಿ ಹೊಸ ಆಟಗಾರರನ್ನು ಹುಡುಕುವ ಕೆಲಸಕ್ಕೆ ಸೇರಿ, ಮುಂದೆ ಅದರ ಅರಬ್ ಸಂಸ್ಥಾನದ ತಂಡಕ್ಕೆ ಬೌಲಿಂಗ್ ಶಿಕ್ಷಕರಾದರು. ಇಂಥ ಕೀರ್ತಿಯಿಲ್ಲದವನಿಗೂ ಬಾಗಿಲು ಮುಚ್ಚಿಲ್ಲ. 1961ರಲ್ಲಿ ಪಟಿಯಾಲದಲ್ಲಿ ಸ್ಥಾಪಿತವಾದ ರಾಷ್ಟ್ರೀಯ ಕ್ರೀಡಾ ಸಂಸ್ಥೆಯು ನಾನಾ ಆಟಗಳ ಶಿಕ್ಷಣಕ್ರಮದಲ್ಲಿ ಡಿಪ್ಲೊಮಾ ಕೊಡುತ್ತದೆ.

ಆದರೆ ಒಂದು ಎಚ್ಚರಿಕೆಯ ಮಾತು. ಈ ವೃತ್ತಿಯಲ್ಲಿ ಸ್ಥಿರತೆಯು ಕಡಮೆ. ವಿಶ್ವಕಪ್ಪನ್ನು ಗೆಲ್ಲಿಸಿದ ದ್ರಾವಿಡರೇ 2024ರಲ್ಲಿ ರಾಜಸ್ಥಾನ್ ರಾಯಲ್ಸ್ ತಂಡದ ಶಿಕ್ಷಕರಾಗಿ, ಮರುವರ್ಷವೇ ಆ ಸ್ಥಾನವನ್ನು ತೊರೆದರು. ಆದುದರಿಂದ ಆಟದಲ್ಲಿ ಆಸಕ್ತಿಯುಳ್ಳ ಮಗನನ್ನಾಗಲಿ ಮಗಳನ್ನಾಗಲಿ ಗದರಿಸುವ ಬದಲು, ಓದನ್ನು ಬಿಡಬೇಡವೆಂದು ಹೇಳಿ, ಕಿರಿಯರಿಗೆ ತಾಳ್ಮೆಯಿಂದ ಕಲಿಸುವ ಗುಣವು ಅವರಲ್ಲಿದೆಯೇ ಎಂದು ಗಮನಿಸುವುದು ಲೇಸು. ಆ ಗುಣವುಳ್ಳವನಿಗೆ ಮೈ ಸೋತ ಮೇಲೂ ಬಯಲಿನಲ್ಲಿ ಕೆಲಸವುಂಟು.